ರಿಮ್‌ಫೈರ್ ರೈಫಲ್: ಮೊದಲು ದೂರ, ಆಮೇಲೆ ಕ್ಯಾಲಿಬರ್

ಗುರಿ ಅಭ್ಯಾಸಕ್ಕೂ, ಕಾನೂನು ಒಪ್ಪುವ ಕಡೆ ಮೊಲದಂಥ ಸಣ್ಣ ಬೇಟೆಗೂ ಒಂದೇ ರಿಮ್‌ಫೈರ್ ರೈಫಲ್ ಕೊಳ್ಳಬಯಸುವವರು ಸಾಮಾನ್ಯವಾಗಿ ಗುಂಡಿನ ವೇಗದ ಅಂಕಿಗಳನ್ನು ಹೋಲಿಸಲು ಕೂರುತ್ತಾರೆ. ಎಷ್ಟು ದೂರಕ್ಕೆ ಹೊಡೆಯುತ್ತೇವೆ, ಅಭ್ಯಾಸಕ್ಕೆ ಎಷ್ಟು ಕಾಡತೂಸು ಖರ್ಚುಮಾಡಬಲ್ಲೆವು ಎಂಬುದನ್ನು ಅದಕ್ಕೂ ಮೊದಲು ತೀರ್ಮಾನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರಿಮ್‌ಫೈರ್ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆ ಕೋಶದ ಅಂಚಿನೊಳಗೇ ಇರುತ್ತದೆ. ಫೈರಿಂಗ್ ಪಿನ್ ಬಡಿದಾಗ ಜಜ್ಜಿಹೋಗುವಷ್ಟು ಆ ಅಂಚು ತೆಳುವಾಗಿರಲೇಬೇಕಾದ್ದರಿಂದ ಕೋಶ ತಾಳುವ ಒತ್ತಡಕ್ಕೆ ಮಿತಿಯಿದೆ. ಖಾಲಿ ಕೋಶಕ್ಕೆ ಮನೆಯಲ್ಲಿ ಮತ್ತೆ ಮದ್ದು ತುಂಬುವ ಪದ್ಧತಿಯೂ ಇಲ್ಲಿಲ್ಲ. ಕಾರ್ಖಾನೆಯಿಂದ ಬಂದದ್ದನ್ನೇ ನಂಬಬೇಕು.

1887ರಲ್ಲಿ ಬಂದ .22 ಲಾಂಗ್ ರೈಫಲ್ ಎಂಬ ಕಾಡತೂಸು ಇಂದಿಗೂ ನನ್ನ ಮೊದಲ ಆಯ್ಕೆ; .22 ಎಂಬುದು ಅದರ ಕ್ಯಾಲಿಬರ್, ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ಅಂದಾಜು ವ್ಯಾಸ. ಇದರ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಗುತ್ತದೆ. ಸ್ಪರ್ಧೆಗೆಂದು ತಯಾರಾದ ಕಾಡತೂಸುಗಳಲ್ಲಿ ಅದರ ವೇಗವನ್ನು ಬೇಕೆಂದೇ ಸೆಕೆಂಡಿಗೆ ಸುಮಾರು 325 ಮೀಟರಿಗೆ, ಶಬ್ದದ ವೇಗಕ್ಕಿಂತ ಕೆಳಗೆ, ನಿಲ್ಲಿಸಿರುತ್ತಾರೆ. ಹೆಚ್ಚು ವೇಗದ .22 ಗುಂಡು ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಅದರ ಓಟ ಕದಡಬಹುದು. ಅಷ್ಟೇ ಅಲ್ಲ, 100 ಮೀಟರಿನಲ್ಲಿ ಅಡ್ಡಗಾಳಿಗೆ ಅದು ನಿಧಾನದ ಗುಂಡಿಗಿಂತ ಹೆಚ್ಚೇ ಸರಿಯುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್, ಅದನ್ನು ಭೇದಿಸುವುದು ಈ ನಿಧಾನದ ಗುಂಡೇ.

ಆದರೆ ಗುರಿನೋಟವನ್ನು 50 ಮೀಟರಿಗೆ ಹೊಂದಿಸಿದ ಇಂಥ ರೈಫಲ್‌ನಿಂದ 100 ಮೀಟರಿಗೆ ಹೊಡೆದರೆ ಗುಂಡು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಮೊಲದ ತಲೆಗೆ ಗುರಿಯಿಡುವವನು ದೂರವನ್ನು ಸ್ವಲ್ಪ ತಪ್ಪಾಗಿ ಅಂದಾಜಿಸಿದರೂ ಪ್ರಾಣಿ ಗಾಯಗೊಂಡು ನರಳುತ್ತದೆ, ಇದನ್ನು ನಾನು ಒಪ್ಪಲಾರೆ. 60 ಮೀಟರಿನಾಚೆಗೆ ಬೇಟೆ ಎಂದಾದರೆ 2002ರಲ್ಲಿ ಬಂದ .17 ಎಚ್‌ಎಂಆರ್ (ಹಾರ್ನಡಿ ಮ್ಯಾಗ್ನಮ್ ರಿಮ್‌ಫೈರ್) ಕಾಡತೂಸು ಯೋಗ್ಯ. 17 ಗ್ರೇನಿನ ಅದರ ಗುಂಡು ಸೆಕೆಂಡಿಗೆ ಸುಮಾರು 775 ಮೀಟರ್ ವೇಗದಲ್ಲಿ ಹೊರಡುವುದರಿಂದ, 100 ಮೀಟರಿಗೆ ಹೊಂದಿಸಿದಾಗ ನಡುದಾರಿಯಲ್ಲಿ ಅದು ದೃಷ್ಟಿರೇಖೆಯಿಂದ ಬೆರಳಗಲಕ್ಕಿಂತ ಮೇಲೇಳುವುದಿಲ್ಲ. ಆದರೆ ಮೈಗೆ ತಗುಲಿದರೆ ಆ ಗುಂಡು ಛಿದ್ರವಾಗಿ ಮಾಂಸ ಹಾಳಾಗುತ್ತದೆ, ಕಾಡತೂಸಿನ ಬೆಲೆಯೂ ಹೆಚ್ಚು. 1959ರ .22 ಮ್ಯಾಗ್ನಮ್ ನರಿಯಂಥ ಸ್ವಲ್ಪ ದೊಡ್ಡ ಪ್ರಾಣಿಗೆ ಸರಿ, ಗುರಿ ಅಭ್ಯಾಸಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಕ್ಯಾಲಿಬರ್ ನಿರ್ಧರಿಸಿದ ಮೇಲೆ ನಾಲ್ಕಾರು ತಯಾರಿಕೆಯ ಕಾಡತೂಸುಗಳನ್ನು ತಂದು, ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಐದೈದು ಗುಂಡುಗಳ ಗುಂಪು ಹೊಡೆದು ನೋಡಬೇಕು. ಒಂದೇ ನಳಿಗೆ ಒಂದು ತಯಾರಿಕೆಯ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸಿ, ಇನ್ನೊಂದರವನ್ನು ಅದರ ಎರಡರಷ್ಟು ಅಗಲಕ್ಕೆ ಚೆದುರಿಸುವುದುಂಟು. .22 ಗುಂಡಿನ ಮೇಲಿನ ಮೇಣ ನಳಿಗೆಯೊಳಗೆ ಅಂಟಿಕೊಂಡಿರುವುದರಿಂದ, ತಯಾರಿಕೆ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಒಗ್ಗಿದ ಕಾಡತೂಸು ಸಿಕ್ಕಿದರೆ ಅದೇ ಲಾಟ್ ಸಂಖ್ಯೆಯ, ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ, ಪೆಟ್ಟಿಗೆಗಳನ್ನು ಕೈಲಾದಷ್ಟು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.