‘ನನ್ನ ಕೈಲಿ ಆಗುತ್ತೆ ಅಲ್ವಾ?’ ಅಂತ ಕೇಳುವವರಿಗೆ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಶಿವಮೊಗ್ಗದ ಸೈಕಲ್ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತರೆ ಅಲ್ಲೂ ಕೇಳುತ್ತಾರೆ. “ಅಣ್ಣಾ, ಆ ಹಿಮಾಚಲದ ರೇಸಿಗೆ ನಾನೂ ಹೆಸರು ಕೊಡೋಣ ಅಂತಿದ್ದೀನಿ. ಆಗುತ್ತೆ ಅಲ್ವಾ?” ಬೆಟ್ಟದ ಮಣ್ಣುದಾರಿಯಲ್ಲಿ ದಿನಗಟ್ಟಲೆ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್, ತುಳಿಯುವ ರೇಸ್ ಅದು. ಒಂದು ಸಲ ಹೋಗಿ ಮುಗಿಸಿ ಬಂದಿದ್ದೇನೆ, ಅದಕ್ಕೇ ನನ್ನನ್ನು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಇದನ್ನೇ ಓದಿ.

ನನಗೆ ಸಿಟ್ಟು ಬರುವುದು ಕೊನೆಯ ಆ ‘ಅಲ್ವಾ’ ಮೇಲೆ. ‘ಆಗುತ್ತಾ?’ ಅಂದರೆ ಕೂತು ಮಾತಾಡಬಹುದು. ‘ಆಗುತ್ತೆ ಅಲ್ವಾ?’ ಅನ್ನುವವರು ಉತ್ತರವನ್ನು ಮನೆಯಿಂದಲೇ ತಂದಿರುತ್ತಾರೆ. ನಾನು ಹೂಂ ಅನ್ನಬೇಕು, ಅಷ್ಟೇ.

ಒಂದು ಸಲ ಹೂಂ ಅಂದೆ. ಕೊಪ್ಪದ ಕಡೆ ಒಂದು ಮದುವೆ. ಹೋಳಿಗೆ ಬಡಿಸುತ್ತಾ ಬರುತ್ತಿದ್ದರು. ಎರಡು ಎಲೆ ಆಚೆ ಕೂತಿದ್ದ ಹುಡುಗ ಬಗ್ಗಿ ಕೇಳಿದ. ಶಿವಮೊಗ್ಗದಿಂದ ಆಗುಂಬೆಗೆ ಹೋಗಿ ಅದೇ ದಿನ ವಾಪಸ್ ಬಂದಿದ್ದನಂತೆ. ಒಳ್ಳೆ ಕಸುವಿದೆ ಅನ್ನಿಸಿತು. “ಆಗುತ್ತೆ, ಹೋಗು ಮಾರಾಯ” ಅಂದೆ. ಹೋದ. ಎರಡನೇ ದಿನ ಸಂಜೆ ಫೋನ್ ಬಂತು. ತೊಡೆಸಂದು ಉಜ್ಜಿ ಹುಣ್ಣಾಗಿದೆ, ಸೀಟಿನ ಮೇಲೆ ಕೂರಲು ಆಗುತ್ತಿಲ್ಲ, ಊಟ ಸೇರುತ್ತಿಲ್ಲ. ಮೂರನೇ ದಿನ ಅವನೂ ಸೈಕಲ್ಲೂ ಜೀಪಿನಲ್ಲಿ ಬಂದರು. ಫೀಸಿಗೆ, ರೈಲಿಗೆ ಅಂತ ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದಿದ್ದ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆ ಒಂದು ‘ಮಾರಾಯ’ ಇವತ್ತಿಗೂ ಚುಚ್ಚುತ್ತದೆ.

ಅವನಿಗೆ ನಾನು ಹೇಳಬೇಕಿದ್ದದ್ದು ಇದು. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ಇಂಥದ್ದೇ ಒಂದು, ಕೇಪ್ ಎಪಿಕ್ ಅನ್ನುವ ರೇಸ್ ನಡೆಯುತ್ತಿದೆ. ಎಂಟು ದಿನ, 600 ಕಿ.ಮೀ.ಗಿಂತ ಜಾಸ್ತಿ ದೂರ, ಸುಮಾರು 15,000 ಮೀಟರ್ ಏರು. ಇಬ್ಬಿಬ್ಬರ ಜೋಡಿ. ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಇರಬಾರದು. ನಮ್ಮ ಕಡೆ ಲೆಕ್ಕದಲ್ಲಿ ಹೇಳುವುದಾದರೆ, ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವಿನ ಘಾಟಿ ಹತ್ತಿದರೆ ಸುಮಾರು 500 ಮೀಟರ್ ಏರು. ಅದನ್ನು ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಸಲ ಹತ್ತಬೇಕು. ರಾತ್ರಿ ಟೆಂಟಿನಲ್ಲಿ ಮಲಗಿ ಎದ್ದು ಮತ್ತೆ ನಾಲ್ಕು ಸಲ. ಎಂಟು ದಿನದ ಸರಾಸರಿ ಲೆಕ್ಕ ಇದು.

ಹಾಗಾಗಿ ಒಂದು ಭಾನುವಾರ ಎಷ್ಟು ದೂರ ಹೋದಿರಿ ಅಂತ ನನಗೆ ಹೇಳಬೇಡಿ. ಜುಲೈಯಲ್ಲಿ ಮೂರು ದಿನ ಸಾಲಾಗಿ ಹೋಗಿ. ಮೊದಲ ದಿನ ತೀರ್ಥಹಳ್ಳಿಯಿಂದ ಹೊರಟು ಘಾಟಿ ಇಳಿದು ಹತ್ತಿ ಬನ್ನಿ. ಎರಡನೇ ದಿನ ಕುಂದಾದ್ರಿ. ಮೂರನೇ ದಿನ ಕವಲೇದುರ್ಗದ ಕಡೆ. ಸಂಜೆ ಕಾಲುಚೀಲ ತೆಗೆದು ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಹಾಕಿ, ಚೈನಿನ ಕೆಂಪು ಕೆಸರು ತೊಳೆದು, ಎಣ್ಣೆ ಬಿಟ್ಟು, ಆಮೇಲೆ ಊಟಕ್ಕೆ ಕೂತುಕೊಳ್ಳಿ. ಬ್ರೇಕ್ ಪ್ಯಾಡ್ ತೆಗೆದು ನೋಡಿ. ಮಳೆಯಲ್ಲಿ ಆ ಜಂಬಿಟ್ಟಿಗೆ ಮಣ್ಣು ಮರಳುಕಾಗದದ ಹಾಗೆ ಉಜ್ಜಿ, ಹೊಸ ಪ್ಯಾಡನ್ನೂ ಬೇಗ ಸವೆಸುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಒದ್ದೆ ಶೂಗೆ ಕಾಲು ತೂರಿಸುವಾಗ ಏನನ್ನಿಸುತ್ತದೋ ಅದೇ ನಿಮ್ಮ ಉತ್ತರ. ಅದು ನನ್ನ ಹತ್ತಿರ ಇಲ್ಲ.

ಎತ್ತರದ ಅಭ್ಯಾಸ ಮಾತ್ರ ಇಲ್ಲಿ ಸಿಗುವುದಿಲ್ಲ. ಹಿಮಾಚಲದ ಜಲೋರಿ ಪಾಸ್ 3,120 ಮೀಟರ್. ಕೊಡಚಾದ್ರಿ 1,343. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ನಾಲ್ಕೈದು ದಿನ ಮುಂಚೆ ಹೋಗಿ ಅಲ್ಲೇ ಇದ್ದುಬಿಡಿ.

ಇಷ್ಟು ಜನ ಕೇಳಿದ್ದಾರಲ್ಲ, ನಾನು ತಯಾರಿ ಮಾಡುವಾಗ ತೋಟ ಯಾರು ನೋಡಿಕೊಂಡರು ಅಂತ ಒಬ್ಬರೂ ಕೇಳಿಲ್ಲ. ನಾನು ಹೋದದ್ದು ಅಕ್ಟೋಬರಿನಲ್ಲಿ. ಅಂದರೆ ತಯಾರಿಯೆಲ್ಲ ಮಳೆಗಾಲದಲ್ಲಿ. ಅಡಿಕೆಗೆ ಕೊಳೆರೋಗ ಬರುವ ಕಾಲವೂ ಅದೇ, ಔಷಧಿ ಹೊಡೆಯುವ ಕಾಲವೂ ಅದೇ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಕರೆದಾಗ ಬರುವುದಿಲ್ಲ, ಮಳೆ ಬಿಟ್ಟ ದಿನ ಬರುತ್ತಾರೆ. ನನಗೂ ಸೈಕಲ್ಲಿಗೆ ಅದೇ ದಿನ ಬೇಕು. ಬೆಳಿಗ್ಗೆ ಆರಕ್ಕೆ ನಾನು ಹೊರಡುವಾಗ ನನ್ನ ತಮ್ಮ ಅಂಗಳದಲ್ಲಿ ಒಬ್ಬನೇ ನಿಂತು ಔಷಧಿಗೆ ಮೈಲುತುತ್ತ, ಸುಣ್ಣ ಕದಡುತ್ತಿದ್ದ. ಸಂಜೆ ಬಂದರೆ ಅವನ ಉಗುರುಸಂದಿನಲ್ಲೆಲ್ಲ ನೀಲಿ. ಒಂದು ದಿನವೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಮ್ಮ ಮಾತ್ರ ಒಂದು ದಿನ, “ಅವನಿಗೂ ಎಲ್ಲಿಗಾದರೂ ಹೋಗಬೇಕು ಅಂತ ಇರತ್ತೆ ಕಣೋ” ಅಂದರು.

ಮತ್ತೊಂದು ಸಲ ಹೋಗುವ ಆಸೆ ನನಗೂ ಇದೆ. ಹೆಸರು ಕೊಡಬೇಕೋ ಬೇಡವೋ ಅಂತ ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ತಮ್ಮನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಎರಡನೇ ಔಷಧಿ ನೀನು ನಿಂತು ಮುಗಿಸಿಕೊಡು. ಆಮೇಲೆ ಹೋಗು” ಅಂದ. ಕೊನೆಗಾರರಿಗೆ ಹೇಳಿಟ್ಟಿದ್ದೇನೆ. ಮಳೆ ಬಿಡುವು ಕೊಡಬೇಕು.