ಸಾವರಿನ್ ಹಿಲ್ ನೋಡಬೇಕಾ? ಟೂರ್ ಬಸ್ ಹತ್ತಬೇಡಿ

ಮೆಲ್ಬರ್ನ್‌ಗೆ ಬಂದವರೆಲ್ಲ ಬಲ್ಲಾರಟ್‌ನ ಸಾವರಿನ್ ಹಿಲ್, ಅಂದರೆ ಹಳೇ ಚಿನ್ನದ ಗಣಿ ಊರಿನ ಮಾದರಿ, ನೋಡಬೇಕು ಅನ್ನುತ್ತಾರೆ. ನೋಡಿ, ಬೇಡ ಅನ್ನಲ್ಲ. ಆದರೆ ಟೂರ್ ಬಸ್ಸಲ್ಲಿ ಮಾತ್ರ ಹೋಗಬೇಡಿ. ನಾವು ಹೋಗಿ ಕೆಟ್ಟೆವು.

ಇಡೀ ದಿನದ ಪ್ರವಾಸ ಅಂತ ದುಡ್ಡು ಇಸ್ಕೊಂಡರು. ಬೆಳಗ್ಗೆ ಏಳಕ್ಕೆ ಹತ್ತಿದ್ದು. ನಾಲ್ಕು ಹೋಟೆಲ್ ಸುತ್ತಿ ಜನ ತುಂಬಿಕೊಂಡು, ದಾರಿಯಲ್ಲಿ ಉಣ್ಣೆ ಬಟ್ಟೆ ಅಂಗಡಿಯೊಂದರ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿದರು. ಯಾರಿಗೂ ಏನೂ ಬೇಕಿರಲಿಲ್ಲ. ಸಾವರಿನ್ ಹಿಲ್ ಗೇಟಲ್ಲಿ ಇಳಿದಾಗ ಹನ್ನೊಂದೂವರೆ. "ಎರಡಕ್ಕೆ ಎಲ್ಲರೂ ಬಸ್ಸಲ್ಲಿರಬೇಕು" ಅಂದ ಡ್ರೈವರ್. ಜೊತೆಗಿದ್ದ ಅಪ್ಪನಿಗೆ ಎಪ್ಪತ್ತೈದು, ಮಂಡಿನೋವು ಬೇರೆ. ಒಂದು ಬೀದಿ ಮುಗಿಸುವಷ್ಟರಲ್ಲಿ ಟೈಮ್ ಆಗಿಹೋಯಿತು.

ಹತ್ತು ದಿನ ಬಿಟ್ಟು ಮತ್ತೆ ಹೋದೆವು, ಈ ಸಲ ರೈಲಲ್ಲಿ. ಮೆಲ್ಬರ್ನಿನ ಸದರ್ನ್ ಕ್ರಾಸ್ ಸ್ಟೇಷನ್ನಿಂದ ಸುಮಾರು ಒಂದೂವರೆ ಗಂಟೆ. ನಗರದಲ್ಲಿ ಟ್ರಾಮ್ ಹತ್ತಲು ಬಳಸುವ ಮೈಕಿ ಕಾರ್ಡೇ ಸಾಕು. 2023ರಿಂದ ವಿಕ್ಟೋರಿಯಾ ರಾಜ್ಯದಲ್ಲಿ ಎಷ್ಟು ದೂರ ಹೋದರೂ ರೈಲಿನ ದಿನದ ದರಕ್ಕೆ ಒಂದು ಮಿತಿ ಇದೆ. ಟೂರಿಗೆ ಕೊಟ್ಟ ದುಡ್ಡು ನೆನೆಸಿಕೊಂಡು ನನಗೆ ಹೊಟ್ಟೆ ಉರಿಯಿತು.

ಬಲ್ಲಾರಟ್‌ನಲ್ಲಿ ಚಿನ್ನ ಸಿಕ್ಕಿದ್ದು 1851ರಲ್ಲಿ. ಆಗ ಡೇರೆ ಹಾಕಿಕೊಂಡು ಬಂದ ಜನ ಕಟ್ಟಿದ ಊರನ್ನೇ ಇಲ್ಲಿ ಮತ್ತೆ ಕಟ್ಟಿ, 1970ರಲ್ಲಿ ತೆರೆದಿದ್ದಾರೆ. ಮಣ್ಣಿನ ರಸ್ತೆ, ಕುದುರೆ ಗಾಡಿ, ಕಮ್ಮಾರ, ಮೇಣದಬತ್ತಿ ಮಾಡುವವರು. ಕೆಂಪು ಕೋಟಿನ ಸಿಪಾಯಿಗಳು ಬೀದಿಯಲ್ಲಿ ಸಾಲಾಗಿ ಬಂದು ಕೋವಿ ಹಾರಿಸುತ್ತಾರೆ. ಸುಮ್ನೆ ವೇಷ ಅಲ್ಲ. ಚಿನ್ನ ಸಿಗಲಿ ಬಿಡಲಿ, ಅಗೆಯುವವರು ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಕಟ್ಟಬೇಕಿತ್ತು. ಆ ಸಿಟ್ಟೇ ಬೆಳೆದು 1854ರ ಡಿಸೆಂಬರ್ 3ರಂದು ಅಗೆಯುವವರು ಕಟ್ಟಿಕೊಂಡಿದ್ದ ಮರದ ಕೋಟೆ ಯುರೇಕಾ ಸ್ಟಾಕೇಡ್‌ನಲ್ಲಿ ಸಿಪಾಯಿಗಳ ದಾಳಿಯಾಗಿ ಗುಂಡು ಹಾರಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಅಪ್ಪ ಕೆಜಿಎಫ್‌ನವರು, ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದು ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಇಲ್ಲಿನ ರೆಡ್ ಹಿಲ್ ಗಣಿಯಲ್ಲಿ ಒಂದಷ್ಟು ಮೆಟ್ಟಿಲು ಇಳಿದರೆ, 1858ರಲ್ಲಿ ಸಿಕ್ಕ ಸುಮಾರು 69 ಕಿಲೋ ತೂಕದ 'ವೆಲ್‌ಕಮ್' ಚಿನ್ನದ ಗಟ್ಟಿಯ ಕಥೆ ತೋರಿಸುತ್ತಾರೆ. ಅಪ್ಪ ಗೋಡೆ ಮುಟ್ಟಿ ನೋಡಿದರು. "ತಣ್ಣಗಿದೆಯಲ್ಲೋ, ಇದೂ ಒಂದು ಗಣಿಯಾ? ನಮ್ಮಲ್ಲಿ ಬಂಡೆ ಮೇಲೆ ಕೈ ಇಡೋಕಾಗ್ತಿರಲಿಲ್ಲ" ಅಂದರು.

ಆದರೆ ಚಿನ್ನ ಹುಡುಕುವ ತೊರೆ ಹತ್ತಿರ ಕೂತ ಅಪ್ಪ ಏಳಲೇ ಇಲ್ಲ. ತಟ್ಟೆಯಲ್ಲಿ ಜಲ್ಲಿ ತುಂಬಿ, ನೀರಲ್ಲಿ ಮುಳುಗಿಸಿ, ಅಮ್ಮ ಅಕ್ಕಿ ಗಾಳಿಸುವ ಹಾಗೆ ಆಡಿಸಿ ಚೆಲ್ಲಬೇಕು. ಕೊನೆಗೆ ಕಪ್ಪು ಮರಳು ಉಳಿಯುತ್ತದೆ. ಅದರ ಅಂಚಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚೂರು! ಚಿನ್ನವನ್ನು ಅವರೇ ತಂದು ಹಾಕಿರುತ್ತಾರೆ, ಗೊತ್ತಿದ್ದರೂ ಖುಷಿಯಾಗುತ್ತದೆ. ಸಿಕ್ಕಿದ್ದು ನಿಮಗೇ. ಒಂದೂವರೆ ಗಂಟೆಗೆ ನಾಲ್ಕು ಚೂರು. ಇಷ್ಟು ವರ್ಷ ಗಣಿಯಲ್ಲಿದ್ದು ಅಪ್ಪ ಮನೆಗೆ ತಂದ ಮೊದಲ ಚಿನ್ನ ಇದು. ಟೂರ್ ಬಸ್ಸಲ್ಲಿ ಹೋದರೆ ಇಷ್ಟು ಹೊತ್ತು ಇದಕ್ಕೆ ಕೂರಲು ಟೈಮ್ ಇರಲ್ಲ.

ಚಿನ್ನ ಕರಗಿಸಿ ಗಟ್ಟಿ ಎರೆಯುವುದನ್ನೂ ನೋಡಿ, ಕಾಲು ಗಂಟೆ ಮುಂಚೆ ಹೋದರೆ ಮುಂದಿನ ಸಾಲು ಸಿಗುತ್ತದೆ. ಮಿಠಾಯಿ ಅಂಗಡಿಯಲ್ಲಿ ಶಾಲೆ ಮಕ್ಕಳ ನೂಕುನುಗ್ಗಲು, ನಾನು ಒಳಗೆ ಕಾಲಿಡಲಿಲ್ಲ.

ಇನ್ನು ಊಟ. ಒಳಗೆ ರೇಟು ಜಾಸ್ತಿ. ನಾವು ಹೊರಗೆ ಊರೊಳಗಿನ ಒಂದು ಸಣ್ಣ ಫಿಶ್ ಅಂಡ್ ಚಿಪ್ಸ್ ಅಂಗಡಿಗೆ ಹೋದೆವು. ಸಸ್ಯಾಹಾರಿಗಳು ಹೆದರಬೇಡಿ, 'ಪೊಟೇಟೊ ಕೇಕ್' ಕೇಳಿ. ಕೇಕ್ ಅಲ್ಲ, ನಮ್ಮ ಆಲೂಗೆಡ್ಡೆ ಬಜ್ಜಿಯ ಅಣ್ಣ! ಅಂಗೈ ಅಗಲ, ಬೆರಳು ದಪ್ಪ, ಮೇಲೆ ಗರಿಗರಿ, ಒಳಗೆ ಬೆಣ್ಣೆ ಥರ. ಒಂದಕ್ಕೆ ಎರಡು ಡಾಲರ್ ಒಳಗೇ. ಅದರ ಮೇಲೆ ಉಪ್ಪು, ಜೊತೆಗೆ ನಾವು ತಂದಿದ್ದ ಚಟ್ನಿಪುಡಿ. ಮೂರು ಜನ ಒಂಬತ್ತು ತಿಂದೆವು. ಮೀನು ಕರಿದ ಎಣ್ಣೆಯಾ, ದನದ ಕೊಬ್ಬಾ ಅಂತ ಮಾತ್ರ ಮೊದಲೇ ಕೇಳಿ. ನಮ್ಮಂಗಡಿಯವರು ಬೇರೆ ಬಾಣಲೆ ತೋರಿಸಿದರು.

ಮೆಲ್ಬರ್ನ್‌ಗಿಂತ ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ಇರಲಿ. ರಸ್ತೆಯೆಲ್ಲ ಏರು, ಜಲ್ಲಿ, ಕುದುರೆ ಲದ್ದಿ, ಆದ್ದರಿಂದ ಹಳೇ ಶೂ ಹಾಕಿಕೊಂಡು ಹೋಗಿ. ವಾರದ ರಜೆ ಯಾವತ್ತು ಅಂತ ನೋಡಿಕೊಂಡೇ ರೈಲು ಹತ್ತಿ. ತೊರೆಗೆ ಬೆಳಗ್ಗೆಯೇ ಹೋಗಿಬಿಡಿ, ಮಧ್ಯಾಹ್ನದ ಹೊತ್ತಿಗೆ ಟೂರ್ ಬಸ್ಸಿನವರು ಬಂದು ತಟ್ಟೆಯೆಲ್ಲ ಹಿಡಿದಿರುತ್ತಾರೆ.