ಈ ಸಲ ಎಣಿಸೋಣ ಅಂದರು

ಮೊದಲ ಸಲ ನಾವು 14 ಜನ ಹಳ್ಳದ ದಡಕ್ಕೆ ಇಳಿದಿದ್ದೆವು. ಮೂರು ಗಂಟೆಯಲ್ಲಿ 22 ಚೀಲ ಕಸ ತುಂಬಿತು. ಫೋಟೊ ತೆಗೆದುಕೊಂಡು ಖುಷಿಯಲ್ಲಿ ಮನೆಗೆ ಹೋದೆವು. ಆಮೇಲೆ ಒಂದು ದೊಡ್ಡ ಮಳೆ ಬಂತು. ಹೋಗಿ ನೋಡಿದರೆ ಅದೇ ದಡ, ಅದೇ ಕಸ. ನನಗೆ ಅಳು ಬರುವುದೊಂದು ಬಾಕಿ.

ಎರಡನೇ ಸಲ ಹೊರಟಾಗ ಗುಂಪಿನ ಹಿರಿಯ ಮೇಷ್ಟ್ರು, "ಈ ಸಲ ಸುಮ್ನೆ ಹೆಕ್ಕೋದು ಬೇಡ, ಎಣಿಸೋಣ" ಅಂದರು. ಕೈಯಲ್ಲಿ ನೋಟ್‌ಬುಕ್ ಬೇರೆ. ಇರುವ ಸಮಯವೇ ಕಡಿಮೆ, ಎಣಿಸುತ್ತಾ ಕೂತರೆ ಹೆಕ್ಕುವುದು ಯಾವಾಗ ಅಂತ ನಾನೇ ತಕರಾರು ತೆಗೆದೆ. ಆಗ ಅವರು ಟೆಕ್ಸಾಸ್ ಕಡಲತೀರದ ಕಥೆ ಹೇಳಿದರು. 1986ರಲ್ಲಿ ಲಿಂಡಾ ಮರಾನಿಸ್, ಕ್ಯಾಥಿ ಒ'ಹಾರಾ ಎಂಬ ಇಬ್ಬರು ಹೆಂಗಸರು ಜನರನ್ನು ಸೇರಿಸಿ ಅಲ್ಲಿ ಕಸ ತೆಗೆಸಿದರು. ಸಿಕ್ಕ ಒಂದೊಂದನ್ನೂ ಬರೆದಿಡಿಸಿದರು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುವ ಕಡಲತೀರ ಸ್ವಚ್ಛತೆ ಶುರುವಾಗಿದ್ದು ಹಾಗೆ. ಬರೆದಿಟ್ಟಿದ್ದರಿಂದಲೇ ಅಲ್ವಾ, ವರ್ಷಗಟ್ಟಲೆ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಸಿಗರೇಟ್ ತುಂಡು ಅಂತ ಗೊತ್ತಾಗಿದ್ದು.

ದಡವನ್ನು ಆರು ಭಾಗ ಮಾಡಿಕೊಂಡೆವು. ಭಾಗಕ್ಕೊಂದು ಟಾರ್ಪಾಲು ಹಾಸಿ, ಕಸ ಸುರಿದು, ಬಗೆಬಗೆಯಾಗಿ ಬೇರೆ ಮಾಡಿದೆವು. ಲೆಕ್ಕ ಬರೆಯಲು ಕೂತಿದ್ದು ಒಬ್ಬ ಪುಟ್ಟ ಹುಡುಗಿ. ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ ಗೆರೆ. ಒಡೆದ ಗಾಜನ್ನು ದೊಡ್ಡವರೇ ಇಕ್ಕಳದಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದೆವು. ಮಣ್ಣಲ್ಲಿ ಹೂತುಹೋದ ಪ್ಲಾಸ್ಟಿಕ್ ಹಾಳೆಯನ್ನು ಎಳೆಯಲಿಲ್ಲ, ಕತ್ತರಿಸಿದೆವು. ಹೋದ ಸಲ ಹಾಗೆ ಎಳೆಯಲು ಹೋಗಿ ಬೇರು ಸಮೇತ ಹುಲ್ಲು ಕಿತ್ತು, ದಡದ ಮಣ್ಣು ಜರಿದಿತ್ತು. ಒಣಗಿದ ಎಲೆ, ಕೊಳೆತ ಕೊಂಬೆಗಳನ್ನು ಮುಟ್ಟಲೇ ಇಲ್ಲ. ಹುಳಹುಪ್ಪಟೆಗೆ ಅದೇ ಮನೆ. ಒಂದು ಬಾಟಲಿಯೊಳಗೆ ಕಪ್ಪೆಮರಿ ಇತ್ತು. ಒಳಗೆ ಹೋಗಿದೆ, ಜಾರುವ ಕುತ್ತಿಗೆ ಹತ್ತಿ ಹೊರಗೆ ಬರಲು ಆಗಿಲ್ಲ. ಬಾಟಲಿ ಕತ್ತರಿಸಿ ಬಿಟ್ಟಾಗ ಅದು ಒಂದು ನಿಮಿಷ ಅಲ್ಲೇ ಕೂತಿತ್ತು. ನಾವೂ ಅಲ್ಲಾಡದೆ ನಿಂತಿದ್ದೆವು.

ಲೆಕ್ಕ ಮುಗಿದಾಗ ಐದು ಟಾರ್ಪಾಲುಗಳಲ್ಲಿ ಬಹುಮಟ್ಟಿಗೆ ಒಂದೇ ಕಥೆ. ಆರನೆಯದು ಬೇರೆ. ಅಲ್ಲೊಂದು ಮಳೆನೀರಿನ ಪೈಪು ಹಳ್ಳಕ್ಕೆ ಬಾಯಿ ಬಿಡುತ್ತದೆ. ಅಲ್ಲಿ ಮಾತ್ರ 311 ಸಿಗರೇಟ್ ತುಂಡು! ನೋಡಲು ಹತ್ತಿಯ ಹಾಗಿದ್ದರೂ ಸಿಗರೇಟಿನ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಬೇಗ ಕರಗುವುದಿಲ್ಲ. ಹೀರಿಕೊಂಡ ನಿಕೋಟಿನ್ ನೀರಿಗೆ ಬಿಡುತ್ತದೆ.

ಪೈಪಿನ ಜಾಡು ಹಿಡಿದು ಮೇಲೆ ನಡೆದೆವು. ಅದು ಶುರುವಾಗುವುದು ಬಸ್ಸಿಗೆ ಜನ ಕಾಯುವ ಜಾಗದ ಪಕ್ಕದ ಚರಂಡಿಯಲ್ಲಿ. ಕಸದ ಡಬ್ಬಿ ಇರಲಿಲ್ಲ. ಕಾಯುವವರು ಸೇದಿ ಕಾಲಡಿ ಹಾಕುತ್ತಾರೆ, ಮಳೆ ಅದನ್ನು ಹಳ್ಳಕ್ಕೆ ತಂದು ಬಿಡುತ್ತದೆ. ಅಷ್ಟು ಹೊತ್ತೂ ನಾವು ತಪ್ಪು ಜಾಗದಲ್ಲಿ ಬಗ್ಗಿದ್ದೆವು.

ಆ ಪುಟದ ಲೆಕ್ಕವನ್ನೇ ಅರ್ಜಿಯ ಜೊತೆ ಇಟ್ಟು ಸಂಬಂಧಪಟ್ಟವರಿಗೆ ಕೊಟ್ಟೆವು. ಎರಡು ಸಲ ಅಲೆದ ಮೇಲೆ ಮುಚ್ಚಳವಿರುವ ಡಬ್ಬಿ ಬಂತು, ಸಿಗರೇಟ್ ಆರಿಸಲು ಮರಳಿನ ತಟ್ಟೆಯೂ ಬಂತು. ಚರಂಡಿ ಬಾಯಿಗೆ ನಾವೇ ಜಾಲರಿ ಹಾಕೋಣ ಎಂದಿದ್ದೆವು. ಕಸ ಕಟ್ಟಿಕೊಂಡರೆ ರಸ್ತೆಗೆ ನೀರು ನುಗ್ಗುತ್ತದೆ ಎಂದರು. ಸರಿ ಅನ್ನಿಸಿತು, ಬಿಟ್ಟೆವು.

ಮೂರನೇ ಸಲ ಪೈಪಿನ ಬಾಯಲ್ಲಿ ಸಿಕ್ಕಿದ್ದು 94. ಹುಡುಗಿ ಎರಡು ಸಲ ಎಣಿಸಿ ನೋಡಿದಳು.

ಈಗ ಅವಳ ನೋಟ್‌ಬುಕ್ಕಿನಲ್ಲಿ ಥರ್ಮಾಕೋಲ್ ಚೂರಿನ ಸಾಲು ಉದ್ದವಾಗುತ್ತಿದೆ. ಅದು ಎಲ್ಲಿಂದ ಬರುತ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ. ಬರುವ ಭಾನುವಾರ ಚೀಲ ತರಬೇಡಿ ಅಂದಿದ್ದಾರೆ ಮೇಷ್ಟ್ರು. ಹಳ್ಳದ ಮೇಲ್ಗಡೆಗೆ ನಡೆದು ನೋಡಬೇಕು.